ಬೆಟ್ಟದ ಮೇಲೊಂದು ತಪಾಸಣೆ

ದಸರೆ ಮುಗಿದ ಮೇಲೆ ಒಳ್ಳೆಯ ಬಿಸಿಲಿನ ದಿನ ನೋಡಿ ಅಟ್ಟದ ಮೇಲಿನ ಕಂಬಳಿಗಳನ್ನು ತಾರಸಿಗೆ ತಂದು ಹರವುವುದು ನಮ್ಮ ಮನೆಯ ರೂಢಿ. ಹೆಂಡತಿ ಗಿರಿಜೆ ಇದ್ದಾಗ ಅವಳು ಹರವುತ್ತಿದ್ದಳು, ಈಗ ನಾನು. ಈ ವರ್ಷ ಒಂದು ಕರಿ ಕಂಬಳಿಯನ್ನು ಕೊಡವಿದಾಗ ಕಟ್ಟಿಗೆ ಹೊಗೆಯ ವಾಸನೆ ಗಪ್ಪೆಂದು ಮೂಗಿಗೆ ಬಡಿಯಿತು. ಎರಡು ಸಲ ಒಗೆದಿದ್ದೇವೆ, ಆದರೂ ಹೋಗಿಲ್ಲ. ವಿಜಯನಗರದ ತಾರಸಿಯ ಮೇಲೆ, ಅಕ್ಕಪಕ್ಕದ ನೀರಿನ ಟ್ಯಾಂಕುಗಳ ನಡುವೆ ನಿಂತಿದ್ದವನಿಗೆ ಆ ಬೆಟ್ಟ, ಆ ತಗಡಿನ ಸೂರು, ಆ ಶರತ್ಕಾಲದುದ್ದಕ್ಕೂ ನನ್ನ ತಲೆಯೊಳಗೆ ಕೊರೆಯುತ್ತಿದ್ದ ಹುಳು ಎಲ್ಲವೂ ಒಟ್ಟಿಗೇ ನೆನಪಾದವು.

ನನ್ನ ಬಗ್ಗೆ ಮೊದಲು ಹೇಳಿಬಿಡಬೇಕು. ನಾನು ನಗರದ ಬಸ್ಸುಗಳಲ್ಲಿ ಟಿಕೆಟ್ ತಪಾಸಣೆ ಮಾಡಿ ನಿವೃತ್ತನಾದವನು. ಜನ ನಮ್ಮನ್ನು ಚೆಕಿಂಗ್‌ನವರು ಎನ್ನುತ್ತಾರೆ, ಹಿಂದಿನಿಂದ ಬೇರೆ ಏನೇನೋ ಎನ್ನುತ್ತಾರೆ. ಟಿಕೆಟ್ ಇಲ್ಲದವನು ಕಿಟಕಿಯಾಚೆ ನೋಡುತ್ತಾನೆ ಎಂದು ಕೆಲಸಕ್ಕೆ ಹೊಸದಾಗಿ ಸೇರಿದವರು ತಿಳಿದಿರುತ್ತಾರೆ. ಅದು ತಪ್ಪು. ಅವನು ನಮ್ಮ ಮುಖವನ್ನೇ ನೋಡುತ್ತಾನೆ, ನಾವು ಎಷ್ಟು ಹತ್ತಿರ ಬಂದೆವು ಎಂಬುದು ಅವನಿಗೆ ಬೇಕು. ಇಂಥದ್ದನ್ನೇ ವರ್ಷಗಟ್ಟಲೆ ನೋಡಿ ನೋಡಿ ನನ್ನ ಕಣ್ಣು ಹಾಗೇ ಆಗಿಹೋಗಿದೆ. ತರಕಾರಿಯವನು ನಕ್ಕರೂ ಯಾಕೆ ನಕ್ಕ ಎಂದು ಯೋಚಿಸುತ್ತೇನೆ. ಗಿರಿಜೆ ಬದುಕಿದ್ದಾಗ, "ನಿಮಗೆ ಯಮ ಬಂದ್ರೂ ಅವನ ಐಡಿ ಕಾರ್ಡ್ ಕೇಳ್ತೀರಿ" ಎಂದು ಗೇಲಿ ಮಾಡುತ್ತಿದ್ದಳು.

ಅವಳು ತೀರಿಕೊಂಡ ಮೇಲೆ ಮನೆಯಲ್ಲಿ ಉಳಿದವರು ನಾನು ಮತ್ತು ಮಗಳು ಅಕ್ಷತಾ. ಅವಳಿಗೆ ರಾಜಾಜಿನಗರದ ಒಂದು ಬ್ಯಾಂಕಿನಲ್ಲಿ ಕೆಲಸ. ಆ ವರ್ಷ ಗಣೇಶನ ಹಬ್ಬ ಕಳೆದ ಮೇಲೆ ಒಂದು ಸಂಜೆ, ಚಪಾತಿ ಲಟ್ಟಿಸುತ್ತಲೇ ಹೇಳಿದಳು.

"ಅಪ್ಪಾಜಿ, ಒಬ್ಬ ಹುಡುಗ ಇದಾನೆ. ಕಿರಣ್ ಅಂತ. ನಾಯಂಡಹಳ್ಳಿಲಿ ಟೆಂಟು, ಬ್ಯಾಗು ಬಾಡಿಗೆಗೆ ಕೊಡೋ ಗೋಡೌನ್ ನಡೆಸ್ತಾನೆ. ವೀಕೆಂಡ್ ಜನರನ್ನ ಬೆಟ್ಟಕ್ಕೆ ಕರ್ಕೊಂಡು ಹೋಗ್ತಾನೆ."

"ಯಾವ ಕಡೆಯವರು?"

"ಹರಿಹರದ ಕಡೆಯವರು. ನಮ್ಮವರೇ." ಲಟ್ಟಣಿಗೆ ಒಂದು ಕ್ಷಣ ನಿಂತು ಮತ್ತೆ ಉರುಳಿತು.

ನಮ್ಮವರೇ ಎಂದರೆ ಲಿಂಗಾಯತರು. ನಾನು ಕೇಳಿರದ ಪ್ರಶ್ನೆಗೂ ಉತ್ತರ ಬಂದಿತ್ತು. ಕೇಳುವ ಮೊದಲೇ ಟಿಕೆಟ್ ಎತ್ತಿ ತೋರಿಸುವವರನ್ನು ನಾನು ಎರಡು ಸಲ ನೋಡುತ್ತೇನೆ. ಮೇಲಾಗಿ ಆ ಹೆಸರು. ಕಿರಣ್ ಎಂಬ ಹೆಸರಿನಿಂದ ಊರಾಗಲಿ, ಕುಲವಾಗಲಿ, ಮನೆದೇವರಾಗಲಿ ಏನೂ ತಿಳಿಯುವುದಿಲ್ಲ. ಹೆಸರಿನ ಮೇಲೇ ನನಗೆ ಮೊದಲ ಅನುಮಾನ ಹುಟ್ಟಿತು.

"ನೀವು ಹೂಂ ಅಂದ್ರೆ ದೀಪಾವಳಿ ಆದ್ಮೇಲೆ ಮಾತುಕತೆ," ಎಂದಳು ಅಕ್ಷತಾ. "ಬೇಡ ಅಂದ್ರೆ ನಾನು ಓಡಿಹೋಗಲ್ಲ. ಆದ್ರೆ ಇನ್ನೊಬ್ಬ ಹುಡುಗನ್ನ ಮಾತ್ರ ತರಬೇಡಿ. ಮದುವೆ ಅನ್ನೋ ಮಾತನ್ನ ಅಲ್ಲಿಗೇ ಬಿಟ್ಟುಬಿಡೋಣ."

ಅವಳು ಅವಳ ಅಮ್ಮನಂತೆ, ಆಡಿದ ಮಾತನ್ನು ಆಡಿದ ಹಾಗೇ ನಡೆಸುವವಳು. ನನ್ನ ಒಂದು ಮಾತಿಗೆ ಅವಳ ಬದುಕು ಅತ್ತ ಅಥವಾ ಇತ್ತ ಹೋಗುತ್ತದೆ ಎಂದು ತಿಳಿದಾಗ ನನಗೆ ನಿಜವಾಗಿ ಭಯವಾಯಿತು. ಭಯವಾದಾಗ ನಾನು ಮಾಡುವುದು ಒಂದೇ, ತನಿಖೆ.

ಆ ಶರತ್ಕಾಲವಿಡೀ ನಾನು ಕಿರಣನ ಬೆನ್ನು ಹತ್ತಿದೆ. ಮಳೆ ಹಿಂದೆ ಸರಿದು ಆಕಾಶ ತೊಳೆದಿಟ್ಟಂತೆ ಇತ್ತು, ನಡೆದಾಡಲು ಹಿತವಾದ ಬಿಸಿಲು. ಮೆಟ್ರೋ ಹತ್ತಿ ನಾಯಂಡಹಳ್ಳಿಗೆ ಹೋಗಿ ಅವನ ಗೋಡೌನಿನ ಎದುರಿನ ಟೈರ್ ಅಂಗಡಿಯ ಪಕ್ಕ ನಿಂತು ನೋಡಿದೆ. ತೆಳ್ಳಗಿನ ಹುಡುಗ, ಒದ್ದೆ ಟೆಂಟುಗಳನ್ನು ಹಗ್ಗದ ಮೇಲೆ ಹರವುತ್ತಿದ್ದ. ಹರಿಹರದ ಕಡೆಯವನ ಬಾಯಲ್ಲಿ ಒಂದಾದರೂ 'ರೀ' ಬರಬೇಕಲ್ಲ ಎಂದು ಕಿವಿಗೊಟ್ಟೆ. "ಮಗಾ, ಆ ಕಡೆ ಎಳಿಯೋ" ಎಂದು ಪಕ್ಕಾ ಬೆಂಗಳೂರಿನವನಂತೆ ಕೂಗುತ್ತಿದ್ದ. ಹುಟ್ಟಿ ಬೆಳೆದದ್ದು ಸುಂಕದಕಟ್ಟೆಯಲ್ಲಿ ಎಂದು ಮಗಳು ಆಮೇಲೆ ಸಮಜಾಯಿಷಿ ಕೊಟ್ಟಳು.

ಸರಿ, ಸುಂಕದಕಟ್ಟೆಗೂ ಹೋದೆ. ಅವರ ಮನೆಯ ಎದುರಿನ ಬೇಕರಿಯಲ್ಲಿ ಟೀ ಕುಡಿಯುತ್ತಾ, "ಆ ಮನೆಯವರು ಹೇಗೆ?" ಎಂದು ವಿಚಾರಿಸಿದೆ.

"ಒಳ್ಳೆ ಜನ ಸಾರ್," ಎಂದ ಬೇಕರಿಯವನು.

"ಅದಲ್ಲ. ಯಾವ ಜನ?"

ಅವನು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. "ಯಾಕೆ ಸಾರ್, ಅವರಿಗೆ ಮನೆ ಬಾಡಿಗೆಗೆ ಕೊಡ್ತಾ ಇದೀರಾ?"

ಟೀ ಅರ್ಧಕ್ಕೇ ಬಿಟ್ಟು ಬಂದೆ. ಜಾತಿ ನನಗೆ ಲೆಕ್ಕವೇ ಅಲ್ಲ ಎಂದು ಇಲ್ಲಿ ಬರೆದರೆ ಸುಳ್ಳಾಗುತ್ತದೆ. ಲೆಕ್ಕವಿತ್ತು. ಆದರೆ ಅದಕ್ಕಿಂತ ಹೆಚ್ಚಾಗಿ ನನ್ನನ್ನು ಕೊರೆಯುತ್ತಿದ್ದದ್ದು, ಎದುರಿಗೇ ಕೂತು ಸಾರು ಬಡಿಸುವ ಮಗಳು ನನಗೆ ಏನನ್ನೋ ಮುಚ್ಚಿಡುತ್ತಿದ್ದಾಳೆ ಎಂಬ ಗುಮಾನಿ.

ಒಂದು ಉಪಾಯ ಹೊಳೆಯಿತು. ಮನೆಗೆ ಬಂದು ಸೋಫಾದ ಮೇಲೆ ಕೂತು ಉಪ್ಪಿಟ್ಟು ತಿನ್ನುವಾಗ ಎಲ್ಲರೂ ಒಳ್ಳೆಯವರೇ. ಒಂದು ರಾತ್ರಿ ಜೊತೆಗಿದ್ದರೆ ಮನುಷ್ಯ ತಿಳಿಯುತ್ತಾನೆ. ಅದಕ್ಕಿಂತ ಮುಖ್ಯವಾಗಿ, ಬೆಳಿಗ್ಗೆ ತಿಳಿಯುತ್ತಾನೆ. ನಮ್ಮಲ್ಲಿ ಕೊರಳಿಗೆ ಇಷ್ಟಲಿಂಗ ಕಟ್ಟಿಕೊಳ್ಳುತ್ತಾರೆ. ಬೆಳಿಗ್ಗೆ ಅದನ್ನು ಎಡ ಅಂಗೈ ಮೇಲಿಟ್ಟು ಪೂಜೆ ಮಾಡಿದ ಮೇಲೆಯೇ ಬಾಯಿಗೆ ನೀರು. ಎಳೆಯರಲ್ಲಿ ಎಷ್ಟೋ ಜನ ಈಗ ಬಿಟ್ಟಿದ್ದಾರೆ, ನಿಜ. ಆದರೆ ಈ ಹುಡುಗ ದಿನಾ ಮಾಡುತ್ತಾನೆ ಎಂದು ಅಕ್ಷತಾ ತಾನಾಗಿಯೇ ಹೇಳಿದ್ದಳು. ಮತ್ತೆ ಅದೇ, ಕೇಳದೆ ತೋರಿಸಿದ ಟಿಕೆಟ್. ಸರಿ, ನೋಡಿಯೇ ಬಿಡೋಣ ಎಂದುಕೊಂಡೆ.

"ಅವನು ಎಲ್ಲರನ್ನೂ ಬೆಟ್ಟಕ್ಕೆ ಕರ್ಕೊಂಡು ಹೋಗ್ತಾನಲ್ಲ. ನನ್ನನ್ನೂ ಕರ್ಕೊಂಡು ಹೋಗ್ಲಿ. ರಾತ್ರಿ ಅಲ್ಲೇ ಇರೋಣ," ಎಂದೆ. ಅಕ್ಷತಾ ನನ್ನ ಮುಖವನ್ನೇ ನೋಡಿದಳು. ಆ ನೋಟದ ಅರ್ಥ ನನಗೆ ಗೊತ್ತಿತ್ತು.

ದಸರೆಯ ನಂತರದ ಒಂದು ಶನಿವಾರ ಕೆಂಗೇರಿಯಲ್ಲಿ ಮಡಿಕೇರಿ ಕಡೆಯ ಬಸ್ಸು ಹತ್ತಿದೆವು. ಕಿರಣ್ ಮೊದಲೇ ಬಂದು ಕಾಯುತ್ತಿದ್ದ. ಬಗ್ಗಿ ನಮಸ್ಕಾರ ಮಾಡಿದ. ಅಂಗಿಯ ಗುಂಡಿಯನ್ನು ಕೊರಳವರೆಗೂ ಹಾಕಿದ್ದ, ಬಗ್ಗಿದಾಗ ಕಾಲರಿನ ಅಂಚಿನಲ್ಲಿ ಶಿವದಾರ ಕಾಣಿಸಿತು. ಲಿಂಗವನ್ನು ಕೊರಳಿಗೆ ಕಟ್ಟುವ ಆ ದಾರ ಬೆಳ್ಳಗೆ ಹೊಳೆಯುತ್ತಿತ್ತು. ಬೆವರು ಕುಡಿದ ದಾರ ಹಾಗಿರುವುದಿಲ್ಲ. ಹೊಸದು ಬದಲಾಯಿಸಿರಬಹುದು, ಎಲ್ಲರೂ ಬದಲಾಯಿಸುತ್ತಾರೆ. ಆದರೂ ಮನಸ್ಸಿನಲ್ಲಿ ಒಂದು ಗುರುತು ಹಾಕಿಕೊಂಡೆ.

ಮಧ್ಯಾಹ್ನದ ಹೊತ್ತಿಗೆ ಬೆಟ್ಟದ ಬುಡ ತಲುಪಿ, ಅರಣ್ಯದವರಿಗೆ ಅನುಮತಿ ತೋರಿಸಿ ಹತ್ತತೊಡಗಿದೆವು. ಮಳೆಗಾಲದ ಹುಲ್ಲು ಎದೆಯೆತ್ತರ ಬೆಳೆದು ತುದಿಯಲ್ಲಿ ಹಳದಿಗೆ ತಿರುಗುತ್ತಿತ್ತು. ನೆರಳಿದ್ದ ಕಡೆ ಜಿಗಣೆ ಇನ್ನೂ ಉಳಿದಿದ್ದವು. ನನ್ನ ಕಾಲಿಗೆ ಹತ್ತಿದ್ದನ್ನು ಕಿರಣ್ ಉಪ್ಪು ಹಾಕಿ ಬಿಡಿಸಿದ, ಏದುಸಿರು ಬಂದಾಗಲೆಲ್ಲ ತಾನೇ ಸುಸ್ತಾದವನಂತೆ ನಿಂತ. ಆ ಮರ್ಯಾದೆ ಅರ್ಥವಾಯಿತು. ಇಷ್ಟು ಮರ್ಯಾದೆ ಯಾಕೆ ಎಂಬುದೂ ತಲೆಗೆ ಬಂತು.

ಸಂಜೆಗೆ ತಂಗುದಾಣ ಸಿಕ್ಕಿತು. ತಂಗುದಾಣವೆಂದರೆ ಕಲ್ಲಿನ ನಾಲ್ಕು ಗೋಡೆ, ಮೇಲೆ ತಗಡು, ಒಳಗೆ ಮಲಗಲು ಒಂದು ಕಟ್ಟೆ, ಮೂಲೆಯಲ್ಲಿ ಮಸಿ ಹಿಡಿದ ಮೂರು ಕಲ್ಲಿನ ಒಲೆ. ಬಾಗಿಲಿಗೆ ಚಿಲಕವಿರಲಿಲ್ಲ, ಒಂದು ಮರದ ತುಂಡು ಆನಿಸಿಡಬೇಕಿತ್ತು. ಗೋಡೆಯ ತುಂಬ ಹಿಂದೆ ಬಂದುಹೋದವರು ಇದ್ದಿಲಿನಲ್ಲಿ ಬರೆದ ಹೆಸರುಗಳು. ಎದುರಿಗೆ ಕಣಿವೆ ತುಂಬ ಮಂಜು ಏರುತ್ತಿತ್ತು, ಕೆಳಗೆಲ್ಲೋ ಹೊಳೆಯ ಸದ್ದು. ಎಷ್ಟೋ ವರ್ಷಗಳ ನಂತರ ಹಾರ್ನ್ ಕೇಳಿಸದ ಸಂಜೆಯೊಂದು ಸಿಕ್ಕಿತ್ತು, ಆದರೆ ಅದನ್ನು ಸವಿಯುವ ಮನಸ್ಸು ನನಗಿರಲಿಲ್ಲ. ನೀರು ತರಲು ಹೋದ ಅವರಿಬ್ಬರೂ ಹೊಳೆಯ ದಡದಲ್ಲಿ ಗುಸುಗುಸು ಮಾತಾಡುತ್ತಿದ್ದರು. ನನ್ನ ಚಪ್ಪಲಿಯ ಸದ್ದಿಗೆ ಸುಮ್ಮನಾದರು.

ಒಲೆ ಹಚ್ಚಿ ಕಿರಣ್ ಅನ್ನಕ್ಕಿಟ್ಟ. ಈರುಳ್ಳಿ ಹೆಚ್ಚುತ್ತಾ, "ಸಾರ್, ನೀವು ಬೆಳ್ಳುಳ್ಳಿ ತಿಂತೀರಾ?" ಎಂದು ಕೇಳಿದ.

ನಾನು ಬೆಂಕಿಯನ್ನೇ ನೋಡುತ್ತಾ ಕೂತೆ. ಬೆಳ್ಳುಳ್ಳಿ ಖಾರವಿಲ್ಲದೆ ರೊಟ್ಟಿ ಇಳಿಯದ ಜನ ನಾವು. ನಮ್ಮಲ್ಲಿ ಹುಟ್ಟಿದವರು ಯಾರೂ ಇನ್ನೊಬ್ಬ ನಮ್ಮವನಿಗೆ ಈ ಪ್ರಶ್ನೆ ಕೇಳುವುದಿಲ್ಲ. ಮಾಂಸ ತಿನ್ನದವರ ಬಗ್ಗೆ ಹೊರಗಿನವರು ಮಾತ್ರ ಹೀಗೆ ಅನುಮಾನಿಸಿ ಕೇಳುತ್ತಾರೆ.

"ಅಪ್ಪಾಜಿಗೆ ಆಸಿಡಿಟಿ ಅಲ್ವಾ, ಅದಕ್ಕೆ ಕೇಳ್ತಿದಾನೆ," ಎಂದಳು ಅಕ್ಷತಾ, ಥಟ್ಟನೆ. ನನಗೆ ಆಸಿಡಿಟಿ ಇಲ್ಲ.

ಊಟ ಚೆನ್ನಾಗಿತ್ತು ಎಂಬುದನ್ನೂ ಹೇಳಬೇಕು. ಮಲಗುವಾಗ ಅವನು ತನ್ನ ಕರಿ ಕಂಬಳಿಯನ್ನು ನನಗೆ ಹೊದಿಸಿ, ತಾನು ಒಲೆಯ ಹತ್ತಿರ ಬರೀ ಚಾಪೆಯ ಮೇಲೆ ಮುದುಡಿಕೊಂಡ. ತಗಡಿನ ಮೇಲೆ ಗಾಳಿ ಬಡಿಯುತ್ತಿತ್ತು, ಇಲಿಯೊಂದು ನಮ್ಮ ಚೀಲ ಕೆರೆಯುತ್ತಿತ್ತು. ನನಗೆ ನಿದ್ದೆ ಹತ್ತಲಿಲ್ಲ. ಎಷ್ಟೋ ಹೊತ್ತಿನ ಮೇಲೆ ಒಲೆಯ ಕಡೆಯಿಂದ ಪಿಸುಮಾತು ಕೇಳಿಸಿತು. ಫೋನಿನಲ್ಲಿ ಮಾತಾಡುತ್ತಿದ್ದಾನೆಯೇ? ಅಲ್ಲಿ ಸಿಗ್ನಲ್ಲೇ ಇಲ್ಲ. ಕಂಬಳಿಯ ಸಂದಿಯಿಂದ ನೋಡಿದೆ. ಕೆಂಡದ ಬೆಳಕಿನಲ್ಲಿ ಎದ್ದು ಕೂತಿದ್ದ, ಬರಿದಾದ ಎಡ ಅಂಗೈಯನ್ನು ಎದುರಿಗೆ ಹಿಡಿದು ತುಟಿಯಲ್ಲೇ ಏನೋ ಒಪ್ಪಿಸಿಕೊಳ್ಳುತ್ತಿದ್ದ. ಪರೀಕ್ಷೆಯ ಹಿಂದಿನ ರಾತ್ರಿ ಮಗ್ಗಿ ಉರುಹೊಡೆಯುವ ಹುಡುಗನ ಹಾಗೆ. ಸಿಕ್ಕಿಬಿದ್ದೆಯಲ್ಲೋ ಎಂದುಕೊಂಡೆ. ಸಂತೋಷವಾಗಬೇಕಿತ್ತು. ಆಗಲಿಲ್ಲ, ಯಾಕೆಂದರೆ ಉರುಹೊಡೆಸಿದವಳು ಯಾರೆಂದು ಗೊತ್ತಿತ್ತು.

ಬೆಳಗಾಯಿತು. ಅಷ್ಟು ಚಳಿಯಲ್ಲಿ ಅವನು ಹೊಳೆಯಲ್ಲಿ ಮುಳುಗಿ ಸ್ನಾನ ಮಾಡಿ ಬಂದ. ಬೆಟ್ಟದ ಮೇಲೆ ನಮ್ಮವರಾದರೆ ಕೈಕಾಲು ತೊಳೆದು ಮುಗಿಸುತ್ತಾರೆ. ಹಾಸುಗಲ್ಲಿನ ಮೇಲೆ ಕೂತು ಹಣೆಗೆ ವಿಭೂತಿಯ ಮೂರು ಗೆರೆ ಎಳೆದ. ಬಟ್ಟೆ ಬಿಚ್ಚಿ ಲಿಂಗವನ್ನು ಎಡ ಅಂಗೈಗೆ ತೆಗೆದುಕೊಂಡ. ನಾನು ತಂಗುದಾಣದ ಗೋಡೆಗೆ ಒರಗಿ ನಿಂತು ಒಂದೊಂದನ್ನೇ ನೋಡಿದೆ. ನೀರು, ಭಸ್ಮ, ಹೊಳೆಯ ದಡದ ಯಾವುದೋ ಬಿಳಿ ಹೂ, ದೃಷ್ಟಿಯಿಟ್ಟು ಕೂರುವುದು, ತೀರ್ಥ. ಒಂದೂ ತಪ್ಪಲಿಲ್ಲ. ತಪ್ಪದಿರುವುದೇ ನನಗೆ ಸಾಕ್ಷಿಯಾಗಿತ್ತು. ರೂಢಿಯಾದವರು ನಡುವೆ ಆಕಳಿಸುತ್ತಾರೆ, ಹಾಲಿನವನು ಬಂದನೇ ಎಂದು ಬಾಗಿಲ ಕಡೆ ಕಣ್ಣು ಹಾಯಿಸುತ್ತಾರೆ. ಕೂಗಿ ಅವನನ್ನು ಅಲ್ಲಿಂದ ಎಬ್ಬಿಸಿಬಿಡಬೇಕು ಎಂದು ಬಾಯಿ ತೆರೆದೆ.

ಅಷ್ಟರಲ್ಲಿ ಅವನು ಲಿಂಗವನ್ನು ಬಟ್ಟೆಗೆ ಸುತ್ತುವ ಮೊದಲು ಮುಷ್ಟಿಯಲ್ಲಿ ಮುಚ್ಚಿ, ಎಡಗಿವಿಗೆ ಒತ್ತಿ, ಕಣ್ಣು ಮುಚ್ಚಿ ಸುಮ್ಮನೆ ಕೂತ.

ಗೋಡೆಯಿಂದ ಬೆನ್ನು ತೆಗೆದು ಎರಡು ಹೆಜ್ಜೆ ಮುಂದೆ ಬಂದೆ.

ಹಾಗೆ ಯಾರೂ ಮಾಡುವುದಿಲ್ಲ. ಯಾವ ಮಠದಲ್ಲೂ ಕಲಿಸುವುದಿಲ್ಲ. ನಾನು ಕಂಡಂತೆ ಹಾಗೆ ಮಾಡುತ್ತಿದ್ದವಳು ಗಿರಿಜೆ ಒಬ್ಬಳೇ. ಮದುವೆಯಾದ ಹೊಸದರಲ್ಲಿ, "ಅದೇನು ಫೋನ್ ಬಂದ ಹಾಗೆ ಕಿವಿಗಿಟ್ಕೋತೀಯಾ?" ಎಂದು ಕೇಳಿದ್ದೆ. "ದಿನಾ ನಾನೇ ಹೇಳ್ತೀನಿ. ಒಂದಿನಾದ್ರೂ ಅದು ತಿರುಗಿ ಏನಾದ್ರೂ ಹೇಳೀತು ಅಂತ ಕೇಳ್ತೀನಿ," ಎಂದಿದ್ದಳು. ಅವಳು ಹೋದಾಗ ಅವಳ ಲಿಂಗವನ್ನು ಅವಳ ಜೊತೆಗೇ ಮಣ್ಣಿಗೆ ಇಟ್ಟೆವು. ಆ ಅಭ್ಯಾಸವೂ ಅಲ್ಲಿಗೇ ಮುಗಿಯಿತು ಎಂದುಕೊಂಡಿದ್ದೆ. ಈಗ ಮಂಜಿನ ನಡುವೆ, ಕುಲ ನೆಲೆ ಗೊತ್ತಿಲ್ಲದ ಒಬ್ಬ ಹುಡುಗ ನನ್ನ ಹೆಂಡತಿಯ ಹಾಗೆ ಕೂತಿದ್ದ. ನನಗೆ ಅಳು ಬಂತು. ಆಮೇಲೆ ತಡೆಯಲಾರದಷ್ಟು ಸಿಟ್ಟು ಬಂತು.

ಯಾಕೆಂದರೆ ಕೂಡಲೇ ಇನ್ನೊಂದು ಅನುಮಾನ ತಲೆಯೆತ್ತಿತು. ಇದನ್ನು ಅಕ್ಷತಾ ಬೇಕೆಂದೇ ಕಲಿಸಿರಬೇಕು. ಅಪ್ಪ ಎಲ್ಲಿ ಕರಗುತ್ತಾನೆ ಎಂದು ಗೊತ್ತಿದ್ದವಳು, ಸತ್ತ ಅಮ್ಮನನ್ನೇ ತಂದು ಎದುರಿಗೆ ಕೂರಿಸಿದ್ದಾಳೆ. ಅವನ ಸುಳ್ಳನ್ನಾದರೂ ಕ್ಷಮಿಸಬಹುದು, ಇದನ್ನು ಹೇಗೆ ಕ್ಷಮಿಸಲಿ?

"ಯಾರು ಕಲಿಸಿದ್ದು ನಿನಗೆ?" ಎಂದೆ. ದನಿ ನನಗೇ ಒರಟಾಗಿ ಕೇಳಿಸಿತು.

ಕಿರಣ್ ಲಿಂಗವನ್ನು ಬಟ್ಟೆಗೆ ಸುತ್ತಿ, ಎದೆಗೆ ಹಿಡಿದುಕೊಂಡು ಎದ್ದು ನಿಂತ. ತಂಬಿಗೆಯಲ್ಲಿ ನೀರು ತುಂಬಿಕೊಂಡು ಹೊಳೆಯಿಂದ ಹತ್ತಿ ಬರುತ್ತಿದ್ದ ಅಕ್ಷತಾ ಅಲ್ಲೇ ನಿಂತಳು.

"ಸಾರ್, ನಾವು ನಿಮ್ಮವರಲ್ಲ," ಎಂದ ಅವನು. "ಹರಿಹರ ನಾನು ನೋಡೇ ಇಲ್ಲ. ಸಾರಿ ಸಾರ್. ಮೊದಲು ನಿಮಗೆ ತೋರಿಸೋಕೇ ಅಂತ ಶುರು ಮಾಡಿದ್ದು. ಈಗ ಬೆಳಿಗ್ಗೆ ಇದನ್ನ ಮಾಡ್ಲಿಲ್ಲ ಅಂದ್ರೆ ಏನೋ ಮರೆತು ಬಂದ ಹಾಗೆ ಅನ್ಸುತ್ತೆ. ಇದನ್ನೂ ನೀವು ನಂಬಲ್ಲ, ನಂಗೊತ್ತು."

ನಂಬಲಿಲ್ಲ. ಇದೂ ಹೇಳಿಕೊಟ್ಟ ಮಾತೇ ಇರಬಹುದು ಎಂದುಕೊಂಡೆ.

"ಅವನನ್ನ ಬಯ್ಯಬೇಡಿ ಅಪ್ಪಾಜಿ, ಸುಳ್ಳು ಹೇಳಿದ್ದು ನಾನು," ಎಂದಳು ಅಕ್ಷತಾ. ಅಳುತ್ತಿರಲಿಲ್ಲ, ಸೋತವರ ದನಿ. "ನಿಜ ಹೇಳಿದ್ರೆ ನೀವು ಅವನ ಮುಖ ಕೂಡ ನೋಡ್ತಿರಲಿಲ್ಲ. ಒಂದ್ಸಲ ನೋಡ್ಲಿ, ಒಂದಿನ ಜೊತೆಗಿರ್ಲಿ, ಆಮೇಲೆ ನಾನೇ ಹೇಳ್ಬಿಡೋಣ ಅಂದ್ಕೊಂಡೆ. ನೀವು ಅಷ್ಟರೊಳಗೇ ಹಿಡಿದ್ರಿ." ತಂಬಿಗೆ ಕೆಳಗಿಟ್ಟಳು. "ಎಲ್ಲಿ ತಪ್ಪಿದ ಅವನು? ನಾನೂ ಅಲ್ಲಿಂದ ನೋಡ್ತಾ ಇದ್ದೆ. ಎಲ್ಲಾ ಸರಿಯಾಗೇ ಮಾಡಿದ್ನಲ್ಲ. ಕೊನೆಗೆ ಕಿವಿಗಿಡೋದು ಕೂಡ ಮರೀಲಿಲ್ಲ."

"ಕಿವಿಗಿಡೋದು," ಎಂದೆ ನಾನು.

"ಹೂಂ. ಅದಿಲ್ದೆ ಮುಗಿಯಲ್ವಲ್ಲ. ಎಲ್ಲರೂ ಹಾಗೇ ತಾನೇ ಮಾಡೋದು? ನೀವು ಮಾಡೋದನ್ನ ನಾನೆಲ್ಲಿ ನೋಡಿದೀನಿ, ಕತ್ತಲಲ್ಲೇ ಮುಗಿಸಿ ಡ್ಯೂಟಿಗೆ ಹೋಗ್ತಿದ್ರಿ. ನಾನು ನೋಡಿದ್ದು ಅಮ್ಮನ್ನ ಮಾತ್ರ. ಅಮ್ಮ ಹೇಗೆ ಮಾಡ್ತಿದ್ರೋ ಹಾಗೇ ಹೇಳಿಕೊಟ್ಟೆ. ಯಾಕೆ ಅಪ್ಪಾಜಿ, ಅದು ಹಾಗಲ್ವಾ?"

ನಾನು ಅವಳ ಮುಖವನ್ನು ನೋಡಿದೆ. ಸಾವಿರಾರು ಮುಖ ನೋಡಿದ ಕಣ್ಣಿನಿಂದಲೇ ನೋಡಿದೆ, ಎಲ್ಲಾದರೂ ಒಂದು ಎಳೆ ಸಿಕ್ಕೀತೇ ಎಂದು ಹುಡುಕಿದೆ. ಅವಳಿಗೆ ಗೊತ್ತಿರಲಿಲ್ಲ. ಲಿಂಗಪೂಜೆ ಒಬ್ಬೊಬ್ಬರೂ ತಮ್ಮಷ್ಟಕ್ಕೆ ಗೋಡೆಗೆ ಮುಖ ಮಾಡಿ ಕೂತು ಮಾಡುವಂಥದ್ದು, ಪಕ್ಕದವರನ್ನು ಯಾರೂ ಇಣುಕುವುದಿಲ್ಲ. ಇಷ್ಟು ವರ್ಷ, ಲೋಕದ ಲಿಂಗಾಯತರೆಲ್ಲ ಬೆಳಿಗ್ಗೆ ಎದ್ದು ತಮ್ಮ ಶಿವ ಏನು ಹೇಳುತ್ತಾನೆ ಎಂದು ಕಿವಿಗಿಟ್ಟು ಕೇಳುತ್ತಾರೆ ಎಂದೇ ಅವಳು ನಂಬಿಕೊಂಡು ಬಂದಿದ್ದಳು.

"ಹೌದು," ಎಂದೆ. "ಎಲ್ಲರೂ ಹಾಗೇ ಮಾಡೋದು."

"ಮತ್ತೆ ನಿಮಗೆ ಹೇಗೆ ಗೊತ್ತಾಯ್ತು?"

"ಬೆಳ್ಳುಳ್ಳಿ ಕೇಳಿದ್ನಲ್ಲ, ಅವಾಗ್ಲೇ."

ಅಕ್ಷತಾ ಹಣೆ ಚಚ್ಚಿಕೊಂಡಳು. ಕಿರಣನಿಗೆ ನಗಬೇಕೋ ಬೇಡವೋ ತಿಳಿಯಲಿಲ್ಲ. ನನ್ನ ಸಿಟ್ಟು ಪೂರ್ತಿ ಇಳಿದಿರಲಿಲ್ಲ. ದೀಕ್ಷೆಯಿಲ್ಲದೆ ಲಿಂಗ ಕಟ್ಟಿಕೊಂಡಿದ್ದಾನೆ, ಊರಿನ ಅಣ್ಣತಮ್ಮಂದಿರಿಗೆ ನಾನು ಏನು ಹೇಳಬೇಕು, ಈ ಹುಡುಗ ಇನ್ನೂ ಏನೇನು ಮುಚ್ಚಿಟ್ಟಿದ್ದಾನೆ, ಎಲ್ಲವೂ ತಲೆಯಲ್ಲಿ ಸುತ್ತುತ್ತಲೇ ಇತ್ತು. ಆದರೆ ಇವನನ್ನು ಬೇಡವೆಂದು ಕಳಿಸಿದರೆ ಗಿರಿಜೆಯಿಂದ ಉಳಿದದ್ದನ್ನೂ ಅವನ ಜೊತೆ ಕಳಿಸಿದಂತಾಗುತ್ತದೆ ಎಂಬುದು ಈಗ ನನಗೆ ಗೊತ್ತಾಗಿತ್ತು.

"ಭಾನುವಾರ ಬಿಟ್ಟು ಭಾನುವಾರ ಅಪ್ಪ ಅಮ್ಮನ್ನ ಮನೆಗೆ ಕರ್ಕೊಂಡು ಬಾ," ಎಂದೆ ಅವನಿಗೆ. "ಸುಂಕದಕಟ್ಟೆಯ ಅಪ್ಪ ಅಮ್ಮನ್ನ. ಹರಿಹರದಿಂದ ಯಾರನ್ನಾದ್ರೂ ಗೊತ್ತುಮಾಡಿಕೊಂಡು ಬಂದೀಯ ಮತ್ತೆ."

ಅವನು ತಲೆಯಾಡಿಸಿದ.

"ಅಪ್ಪಾಜಿ, ನಿಮ್ಮ ಪೂಜೆ ಇನ್ನೂ ಆಗಿಲ್ಲ," ಎಂದು ಅಕ್ಷತಾ ತಂಬಿಗೆಯನ್ನು ನನ್ನ ಮುಂದೆ ಸರಿಸಿದಳು. ಸರಿಸಿ, ದೂರ ಹೋಗದೆ, ಅಲ್ಲೇ ಮೊಣಕಾಲು ಅಪ್ಪಿಕೊಂಡು ಕೂತಳು. ಕಿರಣನೂ ಅವಳ ಪಕ್ಕ ಕೂತ.

ನಾನು ಹಾಸುಗಲ್ಲಿನ ಮೇಲೆ ಕೂತೆ. ಯಾರೂ ನೋಡದ ಹೊತ್ತಿನಲ್ಲಿ ಅವಸರವಾಗಿ ಮುಗಿಸಿ ಬಸ್ಸಿಗೆ ಓಡುವುದೇ ಅಭ್ಯಾಸವಾಗಿದ್ದ ನನಗೆ, ಎರಡು ಜೊತೆ ಕಣ್ಣುಗಳ ಮುಂದೆ ಅವಸರ ಮಾಡಲಾಗಲಿಲ್ಲ. ನೀರೆರೆದೆ, ಭಸ್ಮ ಹಚ್ಚಿದೆ, ತೀರ್ಥ ತೆಗೆದುಕೊಂಡೆ. ಬಟ್ಟೆಗೆ ಸುತ್ತುವ ಹೊತ್ತು ಬಂದಾಗ ಮಗಳು ಕಾಯುತ್ತಿದ್ದಳು. ನಾನು ಲಿಂಗವನ್ನು ಮುಷ್ಟಿಯಲ್ಲಿ ಮುಚ್ಚಿ, ಜೀವನದಲ್ಲಿ ಮೊದಲ ಸಲ, ಎಡಗಿವಿಗೆ ಒತ್ತಿ ಹಿಡಿದೆ. ಏನೂ ಕೇಳಿಸಲಿಲ್ಲ. ಆದರೂ ಕೈ ಕೆಳಗಿಳಿಸಲು ಮನಸ್ಸು ಬರಲಿಲ್ಲ.